ಮೂವತ್ತನಾಲ್ಕು ನಿಮಿಷ

ಸಾತಾರಾ
ಸೋಮವಾರ, 5 ಜುಲೈ 1909

ನಮ್ಮ ಶಾಲೆಯ ಮುಖ್ಯಾಧ್ಯಾಪಕ ದಾಜೀಸಾಹೇಬ ಖಾಂಬೇಟೆಯವರಿಗೆ ಶನಿವಾರ ಶಿಕ್ಷೆಯಾಯಿತು. ಒಂದೂವರೆ ವರ್ಷ, ಸಶ್ರಮ. ಸರ್ಕಾರದ ವಿರುದ್ಧ ಪತ್ರಿಕೆಯಲ್ಲಿ ಬರೆದದ್ದು ಒಂದೂವರೆ ಅಂಕಣ, ಶಿಕ್ಷೆ ಒಂದೂವರೆ ವರ್ಷ. ನ್ಯಾಯಾಧೀಶನಿಗೆ ತ್ರೈರಾಶಿಕ ಚೆನ್ನಾಗಿ ಬರುತ್ತದೆ ಎಂದು ನಮ್ಮ ಸಂಸ್ಕೃತದ ಅಭ್ಯಂಕರ ಶಾಸ್ತ್ರಿಗಳು ಅಂದರು. ಯಾರೂ ನಗಲಿಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಪೊಲೀಸರ ನಡುವೆ ನಿಂತು ದಾಜೀಸಾಹೇಬರು ನನ್ನನ್ನು ಹತ್ತಿರ ಕರೆದರು. ಊರಿಗೆ ಊರೇ ನೆರೆದಿತ್ತು. ಹದಿನಾಲ್ಕು ವರ್ಷ ಬೆವರು ಸುರಿಸಿ ಕಟ್ಟಿದ ಶಾಲೆ, ಅದರ ಬಗ್ಗೆ ಏನಾದರೂ ದೊಡ್ಡ ಮಾತು ಹೇಳುತ್ತಾರೆ ಎಂದು ಮೈಯೆಲ್ಲ ಕಿವಿಯಾಗಿ ನಿಂತೆ. ಅವರು ಜನಿವಾರಕ್ಕೆ ಕಟ್ಟಿಕೊಂಡಿದ್ದ ಶಾಲೆಯ ಗಡಿಯಾರದ ಕೀಲಿಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು.

"ಉಕಿಡವೆ ಮಾಸ್ತರ, ಸೋಮವಾರಕ್ಕೊಮ್ಮೆ ಕೀಲಿ ಕೊಡೂದು ಮರೀಬ್ಯಾಡ್ರಿ" ಅಂದರು. ಅಷ್ಟೇ. ಹೋದರು.

ಆ ಹೊತ್ತಿಗೆ ನನ್ನ ಅಂಗಿಯ ಕಿಸೆಯಲ್ಲಿ ರತ್ನಾಗಿರಿಯ ಸರ್ಕಾರಿ ಹೈಸ್ಕೂಲಿನಿಂದ ಬಂದ ನೇಮಕದ ಆದೇಶ ಇತ್ತು. ಅವರಿಗೆ ಹೇಳಬೇಕೆಂದು ಎರಡು ವಾರದಿಂದ ಹೊಂಚುತ್ತಿದ್ದೆ. ಹೇಳಲು ಬಾಯಿ ಬರಲಿಲ್ಲ. ಈಗ ಈ ಕೀಲಿಕೈ.

ಈ ಗಡಿಯಾರದ ಕಥೆ ಬರೆದಿಟ್ಟರೆ ನನ್ನ ಸಿಟ್ಟಿಗೆ ಒಂದು ಸಾಕ್ಷಿಯಾದರೂ ಇರುತ್ತದೆ. ಮೂರೂವರೆ ವರ್ಷದ ಹಿಂದೆ ಸರ್ಕಾರ ಇಡೀ ದೇಶಕ್ಕೆ ಒಂದೇ ವೇಳೆ ಎಂದು ಗೊತ್ತುಮಾಡಿತು. ನಮ್ಮ ಊರಿನ ವೇಳೆಗಿಂತ ಅದು ಮೂವತ್ತನಾಲ್ಕು ನಿಮಿಷ ಮುಂದು. ರೈಲು, ಅಂಚೆ, ಕೋರ್ಟು ಎಲ್ಲ ತೆಪ್ಪಗೆ ಮುಳ್ಳು ಸರಿಸಿದವು. ಹೋದ ವರ್ಷ ಮುನಿಸಿಪಾಲಿಟಿಯೂ ಸರಿಸಿತು. ದಾಜೀಸಾಹೇಬರು ಮಾತ್ರ "ಸೂರ್ಯ ನಮ್ಮ ನೆತ್ತಿ ಮ್ಯಾಲೆ ಬಂದಾಗ ನಮಗ ಮಧ್ಯಾಹ್ನ, ಲಾಟಸಾಹೇಬ ಹೇಳಿದಾಗ ಅಲ್ಲ" ಎಂದು ಶಾಲೆಯ ಗಡಿಯಾರ ಮುಟ್ಟಗೊಡಲಿಲ್ಲ. ಅಂಗಳದಲ್ಲಿ ಒಂದು ಸಲಾಕೆ ನೆಟ್ಟು ಅದರ ನೆರಳಿಗೆ ಕಲ್ಲಿನಲ್ಲಿ ಗೆರೆ ಕೊರೆಸಿದರು. ಆ ಸೂರ್ಯನೂ ವರ್ಷವಿಡೀ ನೆಟ್ಟಗೆ ನಡೆಯುವುದಿಲ್ಲ, ಒಮ್ಮೆ ಹದಿನಾರು ನಿಮಿಷ ಮುಂದೆ ಓಡುತ್ತಾನೆ, ಒಮ್ಮೆ ಹದಿನಾಲ್ಕು ನಿಮಿಷ ಹಿಂದೆ ಬೀಳುತ್ತಾನೆ ಎಂದು ತಿದ್ದುಪಡಿಯ ಕೋಷ್ಟಕ ಬರೆದುಕೊಟ್ಟವನು ನಾನು. ಅವತ್ತು ಅವರ ಮುಖ ಸಣ್ಣದಾಗಿತ್ತು. ಇನ್ನು ಮಳೆಗಾಲದಲ್ಲಿ ಸೂರ್ಯನ ಪತ್ತೆಯೇ ಇಲ್ಲವಲ್ಲ, ಆಗ ಅಂಚೆ ಕಚೇರಿಗೆ ಹೋಗಿ ಅವರ ಗಡಿಯಾರ ನೋಡಿಕೊಂಡು ಬಂದು ಮೂವತ್ತನಾಲ್ಕು ಕಳೆಯುತ್ತೇವೆ. ಇದಕ್ಕೆ ಸ್ವರಾಜ್ಯ ಎಂದು ಹೆಸರು.

ಇವತ್ತು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿಕೊಂಡು ಬಂದೆ. ಕಳೆದೆ. ಕೀಲಿ ಕೊಟ್ಟೆ. ಒಂದು ತಿಂಗಳೊಳಗೆ ಇದನ್ನು ಬೇರೆ ಯಾರ ಕೊರಳಿಗಾದರೂ ಕಟ್ಟಿ ಹೊರಡುವುದು.

ಸೋಮವಾರ, 19 ಜುಲೈ

ಅಂಚೆ ಕಚೇರಿ, ಕೊಡೆ, ಕೀಲಿ. ಸದ್ಯಕ್ಕೆ ಶಾಲೆಯ ಉಸ್ತುವಾರಿ ನನ್ನ ಮೇಲೆ ಬಿದ್ದಿದೆ, ಆದರೂ ಮುಖ್ಯಾಧ್ಯಾಪಕರ ಕೋಣೆಯಲ್ಲಿ ನಾನು ಕೂರುವುದಿಲ್ಲ; ಕಾಗದಪತ್ರ ನೋಡುವುದಿದ್ದರೆ ಪಡಸಾಲೆಯಲ್ಲೇ ನೋಡುತ್ತೇನೆ.

ಮನೆಯಲ್ಲಿ ಗಡಿಯಾರ ಸರ್ಕಾರದ್ದು, ಶಾಲೆಯಲ್ಲಿ ನಮ್ಮದು. ಇವತ್ತು ಊಟಕ್ಕೆ ಹೊತ್ತು ತಪ್ಪಿ ಹೋದೆ. ಹೆಂಡತಿ ಮಥುರೆ ತಾಟಿನ ಮುಂದೆ ಕೂತು ಶುರುಮಾಡಿದಳು.

"ಹತ್ತಕ್ಕ ಬರ್ತೀನಿ ಅಂದ್ರ ಯಾರ ಹತ್ತರೀ ಅದು? ಸರ್ಕಾರದ್ದೋ, ನಿಮ್ಮ ದಾಜೀಸಾಹೇಬರದ್ದೋ? ಬ್ಯಾಳಿ ಆಮಟಿ ಎರಡು ಸಲ ಆರ್ತು, ಎರಡು ಸಲ ಕಾಸಿದೆ."

"ರತ್ನಾಗಿರಿಯೊಳಗ ಒಂದ ಹತ್ತು ಇರ್ತದ. ಸ್ವಲ್ಪ ತಡಿ."

"ತಡದು ತಡದು ಟ್ರಂಕಿನೊಳಗಿನ ಸೀರಿಗೆ ನುಸಿ ಹತ್ತೇದ" ಅಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಮುಂದಿನ ತಿಂಗಳು ಸೇರುತ್ತೇನೆಂದು ರತ್ನಾಗಿರಿಗೆ ಬರೆದೆ.

ಸೋಮವಾರ, 9 ಆಗಸ್ಟ್

ಶಾಲಾ ಇನ್ಸ್ಪೆಕ್ಟರ್ ಗುಪ್ತೆ ತಪಾಸಣೆಗೆ ಬಂದರು. ಅವರ ಹನ್ನೊಂದಕ್ಕೆ ಬಂದರು, ಶಾಲೆ ನಮ್ಮ ಹನ್ನೊಂದಕ್ಕೆ ಶುರುವಾಗುವುದು. ಮೂವತ್ತನಾಲ್ಕು ನಿಮಿಷ ಪಡಸಾಲೆಯಲ್ಲಿ, ಸೋರುವ ಹಂಚಿನ ಕೆಳಗೆ ನಿಂತರು. ನಾನು ಹೋಗುವ ಹೊತ್ತಿಗೆ ಅವರ ಕೆಂಪು ಪಗಡಿಯ ಬಣ್ಣ ಹಣೆಗೆ ಇಳಿದಿತ್ತು.

"ಉಕಿಡವೆ, ನೀವಂತೂ ಗಣಿತ ಓದಿದವರು. ಈ ಹುಚ್ಚಾಟದೊಳಗ ನೀವೂ ಕೂಡೀರೇನು?"

"ಸಾಹೇಬ್ರ, ನಾನು ಬರೇ ಕೀಲಿ ಕೊಡಾಂವ."

"ಹಂಗಿದ್ರ ಕೀಲಿ ಕೊಡೂ ಮುಂದ ಮುಳ್ಳೂ ಒಂದೀಟು ಸರಿಸ್ರಿ. ಇಲ್ಲಾಂದ್ರ ಹೊಸ ವರ್ಷದಿಂದ ನಿಮ್ಮ ಒಬ್ಬ ಹುಡುಗಾನೂ ಮ್ಯಾಟ್ರಿಕ್ ಪರೀಕ್ಷಾಕ್ಕ ಕೂಡಂಗಿಲ್ಲ. ಶಾಲಿ ಮನ್ನಣೆ ತಗದುಬಿಡ್ತೀನಿ."

ಒಳಗೊಳಗೆ ನನಗೆ ಅವರ ಮಾತೇ ಸರಿ ಅನ್ನಿಸಿತು. ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಮದುವೆ ಚಿಂತೆ ಅನ್ನುವ ಹಾಗೆ ಆಗಿದೆ. ಮಕ್ಕಳಿಗೆ ಬೇಕಾದ್ದು ಮ್ಯಾಟ್ರಿಕ್, ದಾಜೀಸಾಹೇಬರಿಗೆ ಬೇಕಾದ್ದು ಸೂರ್ಯ.

ಸೋಮವಾರ, 23 ಆಗಸ್ಟ್

ಕೈದಿಗೆ ಮೂರು ತಿಂಗಳಿಗೊಂದು ಕಾಗದ ಮಾತ್ರ ಮುಟ್ಟಿಸುತ್ತಾರೆ. ದಾಜೀಸಾಹೇಬರ ಹೆಂಡತಿ ಸಗುಣಾಬಾಯಿಯವರು ಈ ಸಲದ ಸರದಿ ನನಗೆ ಬಿಟ್ಟುಕೊಟ್ಟರು. ಮುಚ್ಚುಮರೆಯಿಲ್ಲದೆ ಬರೆದೆ. ಹುಡುಗರ ತಂದೆಯರು ಅಳುಕುತ್ತಿದ್ದಾರೆ, ಈ ಗಡಿಯಾರ ಉಳಿದರೆ ಶಾಲೆ ಸಾಯುತ್ತದೆ, ನೀವು ಒಂದು ಮಾತು ಹೇಳಿ ಕಳಿಸಿದರೆ ಅರೆ ಗಳಿಗೆಯ ಕೆಲಸ ಎಂದು ಬರೆದೆ. ಬರೆದ ಮೇಲೆ ಎದೆ ಹಗುರಾಯಿತು.

ರತ್ನಾಗಿರಿಗೆ ಇನ್ನೂ ಒಂದು ತಿಂಗಳು ಕೇಳಿಕೊಂಡೆ. ದಾಜೀಸಾಹೇಬರ ಉತ್ತರ ಬಾರದೆ ಹೇಗೆ ಹೊರಡುವುದು?

ಸೋಮವಾರ, 11 ಅಕ್ಟೋಬರ್

ಉತ್ತರ ಬರಲಿಲ್ಲ. ಬರುವ ಲಕ್ಷಣವೂ ಇಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಒಂದು ಕಡೆ ಕೂರಲಾಗುವುದಿಲ್ಲ.

ವಕೀಲ ಸೋಹೋನಿ ತಮ್ಮ ಇಬ್ಬರು ಮಕ್ಕಳನ್ನೂ ಬಿಡಿಸಿಕೊಂಡು ಹೋದರು. ದಾಜೀಸಾಹೇಬರ ಪರವಾಗಿ ಮೊಕದ್ದಮೆ ನಡೆಸಿದವರೇ ಅವರು. ದಾಖಲೆ ಪುಸ್ತಕದ ಮೇಲೆ ಕೈಯಿಟ್ಟು ಕೇಳಿದರು:

"ಮೂವತ್ನಾಕು ನಿಮಿಷದ ಸಲುವಾಗಿ ಮಕ್ಕಳ ಜನ್ಮ ಹಾಳು ಮಾಡ್ಲೇನ್ರಿ ಮಾಸ್ತರ?"

"ವಕೀಲ ಸಾಹೇಬ್ರ, ಇವತ್ತು ಮೂವತ್ನಾಕು ನಿಮಿಷ ಕೊಟ್ಟವರು ನಾಳೆ ಏನು ಕೇಳಿದ್ರೂ ಕೊಡ್ತಾರ. ನಿಮ್ಮ ಮಕ್ಕಳು ಅದನ್ನ ಕಲೀಲಿ ಅಂತೀರೇನು?"

"ಹೋದ ತಿಂಗಳು ನನ್ನ ಕಟ್ಟೀ ಮ್ಯಾಲೆ ಕೂತು ಅದು ಗಡಿಯಾರ ಅಲ್ಲ ಗ್ರಹಚಾರ ಅಂದವರು ನೀವ ಅಲ್ಲೇನ್ರಿ?"

ಹೌದು, ಅಂದಿದ್ದೆ. ಇವತ್ತು ಯಾಕೆ ಹಾಗೆ ಬಾಯಿಗೆ ಬಂತೋ. ಅವರು ಮಾತಾಡಿದ ಧಾಟಿ ಸರಿಬರಲಿಲ್ಲ, ಅಷ್ಟೇ ಇರಬೇಕು.

ಸೋಮವಾರ, 8 ನವೆಂಬರ್

ಮೋಡ ಪೂರ್ತಿ ಸರಿದಿದೆ. ಅಂಚೆ ಕಚೇರಿಯ ಹಂಗು ತಪ್ಪಿತು. ನಡುಹಗಲು ಅಂಗಳದಲ್ಲಿ ಸಲಾಕೆಯ ಮುಂದೆ ಕೂತೆ. ನೆರಳು ಗೆರೆ ಮುಟ್ಟಿದಾಗ ಗಡಿಯಾರ ಹನ್ನೊಂದು ನಲವತ್ತನಾಲ್ಕು ತೋರಿಸಬೇಕು. ಸೂರ್ಯ ಈಗ ಹದಿನಾರು ನಿಮಿಷ ಮುಂದಿದ್ದಾನೆ. ತೋರಿಸಿತು! ಅರ್ಧ ನಿಮಿಷದ ತಪ್ಪೂ ಇರಲಿಲ್ಲ. ಏಳನೇ ಇಯತ್ತೆಯ ಹುಡುಗರನ್ನು ಕರೆದು ತೋರಿಸಿದೆ. ಪಾಠ ಮರೆತು ಭೂಮಿ, ಸೂರ್ಯ, ಗೆರೆ ಎಂದು ಒಂದು ತಾಸು ಮಾತಾಡಿಬಿಟ್ಟೆ. ಅಭ್ಯಂಕರ ಶಾಸ್ತ್ರಿಗಳು ತಮ್ಮ ತರಗತಿ ಬಿಟ್ಟು ಕಂಬಕ್ಕೊರಗಿ ಕೇಳುತ್ತಿದ್ದರು.

"ಮಾಸ್ತರ, ಇವತ್ತು ಸಂಧ್ಯಾವಂದನಿ ನನಗಿಂತ ನೀವ ಛಲೋ ಮಾಡಿದ್ರಿ" ಅಂದರು. ಅವರ ಕೊಂಕು ಅವರಿಗೇ ಇರಲಿ.

ರತ್ನಾಗಿರಿಯ ಜಾಗ ಬೇರೆಯವರಿಗೆ ಕೊಟ್ಟರಂತೆ. ಮಥುರೆ ಟ್ರಂಕು ಬಿಚ್ಚಿ ಸೀರೆಗಳನ್ನು ಬಿಸಿಲಿಗೆ ಹಾಕಿದಳು. ನನ್ನ ಸಂಗಡ ಮಾತಿಲ್ಲ.

ಸೋಮವಾರ, 3 ಜನವರಿ 1910

ಮನ್ನಣೆ ರದ್ದಾಯಿತು. ಆದೇಶ ನಾಲ್ಕು ಸಾಲು.

ಮಂಗಳವಾರ, 4 ಜನವರಿ

ಒಂದೇ ದಿನದಲ್ಲಿ ಅರ್ಧ ಶಾಲೆ ಖಾಲಿ. ಬೆಂಚುಗಳ ನಡುವೆ ಓಡಾಡಿದರೆ ನನ್ನ ಹೆಜ್ಜೆಯ ಸಪ್ಪಳ ನನಗೇ ಕೇಳುತ್ತದೆ. ಶಾಸ್ತ್ರಿಗಳು ಬಂದು ಕೈ ಚಾಚಿದರು.

"ಕೀಲಿಕೈ ಇತ್ತ ಕೊಡ್ರಿ. ಪಾಪ ನನಗ ಬರ್ಲಿ. ದಾಜೀಸಾಹೇಬ್ರು ಬಂದ್ರ ಈ ಮುದುಕ ಸರಿಸಿದ ಅಂತ ಹೇಳ್ರಿ."

"ಅವರು ಬಂದಾಗ ಗಡಿಯಾರ ಇಟ್ಟ ಹಂಗ ಇರಬೇಕು ಶಾಸ್ತ್ರಿಗಳ."

"ಅವರು ಬರೂತನಕ ಶಾಲಿ ಇರಬೇಕಲ್ರೀ!"

"ಇರ್ತದ" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ನಾಲ್ಕನೇ ಇಯತ್ತೆಯ ಹುಡುಗರು ಪಾಠ ನಿಲ್ಲಿಸಿದರು. ಕೀಲಿಕೈ ಕಿಸೆಯಲ್ಲಿರುವುದು ಕ್ಷೇಮವಲ್ಲ. ಜನಿವಾರಕ್ಕೆ ಕಟ್ಟಿಕೊಂಡೆ.

ಸೋಮವಾರ, 17 ಜನವರಿ

ಕೀಲಿ ಕೊಟ್ಟೆ. ಬರೆಯುವಂಥದ್ದು ಏನಿಲ್ಲ.

ಸೋಮವಾರ, 14 ಮಾರ್ಚ್

ಮನೆಯ ಗಡಿಯಾರವನ್ನೂ ಶಾಲೆಯ ವೇಳೆಗೆ ತಂದೆ. ನನ್ನ ಕಿಸೆಯ ಗಡಿಯಾರವನ್ನೂ ತಂದೆ. ಬೆಳಗಿನಿಂದ ಕೂಡಿಸು, ಕಳೆ, ಕೂಡಿಸು, ಕಳೆ, ತಲೆ ಚಿಟ್ಟುಹಿಡಿದುಹೋಗಿತ್ತು. ವೇಳೆ ಒಂದೇ ಇದ್ದರೆ ಬಾಳು ಸಲೀಸು.

"ಅಡಿಗಿಮನಿಗೂ ಬಂತೇನು ಸ್ವರಾಜ್ಯ?" ಎಂದಳು ಮಥುರೆ. ಎಷ್ಟೋ ದಿನಕ್ಕೆ ಆಡಿದ ಮಾತು. "ಇನ್ನ ಹಾಲಿನಾಕಿಗೆ, ಅಗಸರಾಕಿಗೆ ನಾನು ಭೂಗೋಳ ಹೇಳಿಕೋತ ಕೂಡಬೇಕು."

ಹೇಳಿದಳಂತೆ ಕೂಡ. ಹಾಲಿನವಳು ನಕ್ಕು, "ನಮ್ಮ ಎಮ್ಮಿ ಯಾವ ಗಡಿಯಾರಾನೂ ನೋಡಂಗಿಲ್ರೀ ಅವ್ವಾರ" ಅಂದಳಂತೆ. ಮಥುರೆ ಅದನ್ನು ನನಗೆ ಹೇಳಿ ತಾನೂ ನಕ್ಕಳು. ಜೀವಕ್ಕೆ ಸ್ವಲ್ಪ ಹಿತವೆನಿಸಿತು.

ಸೋಮವಾರ, 13 ಜೂನ್

ದಾಜೀಸಾಹೇಬರನ್ನು ಬಿಡುತ್ತಾರೆ! ಆರು ತಿಂಗಳು ಮೊದಲೇ! ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ, ಜೈಲಿನ ದೊಡ್ಡ ಬಾಗಿಲಲ್ಲಿ. ಸಗುಣಾಬಾಯಿಯವರಿಗೆ ಕಾಗದ ಬಂದಿದೆ. ನಡತೆ ಒಳ್ಳೆಯದಿತ್ತು, ಅದಕ್ಕೇ ಎಂದು ಶಾಸ್ತ್ರಿಗಳ ತರ್ಕ. ಸಗುಣಾಬಾಯಿಯವರಿಗೆ ಮೂರು ದಿನದಿಂದ ಜ್ವರ. ನೀವೇ ಹೋಗಿ ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದ್ದಾರೆ.

ಬರೀ ಮೂವತ್ತೊಂಬತ್ತು ಹುಡುಗರು ಉಳಿದಿದ್ದಾರೆ. ಆದರೆ ಉಳಿದಿದ್ದಾರೆ. ಗಡಿಯಾರ ಅವರು ಇಟ್ಟ ಹಾಗೆಯೇ ಇದೆ. ನೋಡಿದರೆ ಏನೆನ್ನುತ್ತಾರೋ. ನನಗೆ ನಲವತ್ತೆರಡು ವರ್ಷ, ಮೀಸೆ ನರೆತಿದೆ, ಆದರೂ ಬಹುಮಾನ ಹಂಚುವ ದಿನದ ಹುಡುಗನ ಹಾಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಭಾನುವಾರ, 19 ಜೂನ್

ಹಾರ ಬಂದವು. ಪೇಢೆ ಬಂತು. ಹುಡುಗರಿಗೆ ಅಂಗಿ ಒಗೆದುಕೊಂಡು ಬರಲು ಹೇಳಿದೆ. ಏಳಕ್ಕೆ ಶಾಲೆಯಿಂದ ಹೊರಟರೆ ಏಳೂಮುಕ್ಕಾಲಿಗೆ ಜೈಲು. ಕಾಲು ತಾಸು ಮೊದಲೇ ಇದ್ದಂತಾಗುತ್ತದೆ. ಶಾಸ್ತ್ರಿಗಳು, "ಎಂಟು ಅಂದ್ರ ಎಂಟ ಅಲ್ರೀ ಮಾಸ್ತರ?" ಎಂದು ಎಳೆದು ಕೇಳಿದರು. ಎಂಟಕ್ಕೆ ಇನ್ನೆಷ್ಟು ಅರ್ಥ ಇರುತ್ತದೆ? ವಯಸ್ಸಾಯಿತು ಅವರಿಗೆ.

ಸೋಮವಾರ, 20 ಜೂನ್

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಣ್ಣ ಮಳೆ. ನನ್ನ ಗಡಿಯಾರದಲ್ಲಿ ಸರಿಯಾಗಿ ಏಳೂಮುಕ್ಕಾಲಿಗೆ ಜೈಲಿನ ಬಾಗಿಲು ಮುಟ್ಟಿದೆವು. ಹುಡುಗರನ್ನು ಎರಡು ಸಾಲಾಗಿ ನಿಲ್ಲಿಸಿದೆ. ಬಾಗಿಲಲ್ಲಿದ್ದ ಪಹರೆಯವನು ನಮ್ಮನ್ನೂ ಹಾರಗಳನ್ನೂ ನೋಡಿದ.

"ಯಾರ ಮದಿವಿರೀ?"

"ಖಾಂಬೇಟೆ ಸಾಹೇಬ್ರನ್ನ ಕರ್ಕೊಂಡು ಹೋಗಾಕ ಬಂದೀವಿ. ಎಂಟಕ್ಕ ಬಿಡ್ತಾರಲ್ಲ."

"ಬಿಟ್ಟಾತಲ್ರೀ. ಎಂಟು ಹೊಡದು ಇಪ್ಪತ್ತು ನಿಮಿಷ ಆತು. ಈ ಕಲ್ಲಿನ ಮ್ಯಾಲೆ ಗಂಟು ಇಟ್ಕೊಂಡು ಬಾಳೊತ್ತು ನಿಂತಿದ್ರು. ಆ ಕಡೆ ಈ ಕಡೆ ನೋಡಿದ್ರು. ಯಾರೂ ಬರ್ಲಿಲ್ಲ. ಒಬ್ರ ನಡಕೋತ ಹ್ವಾದ್ರು, ಪಾಪ."

ಶಾಸ್ತ್ರಿಗಳು ನನ್ನ ಮುಖ ನೋಡಿದರು. ಇಪ್ಪತ್ತು ವರ್ಷ ಗಣಿತ ಕಲಿಸಿದ ನಾನು, ಮೂವತ್ತನಾಲ್ಕು ಕೂಡಿಸುವುದನ್ನು ಮರೆತಿದ್ದೆ. ಜೈಲು ಸರ್ಕಾರದ್ದು, ಅದರ ಎಂಟು ಸರ್ಕಾರದ್ದು ಎಂಬುದು ವಾರವಿಡೀ ಒಮ್ಮೆಯೂ ಹೊಳೆಯಲಿಲ್ಲ.

ನಾವು ಪೇಟೆಯ ದೊಡ್ಡ ಬೀದಿಯಿಂದ ಬಂದಿದ್ದೆವು, ಅವರು ಹಳ್ಳದ ದಾರಿಯಿಂದ ಹೋಗಿರಬೇಕು. ಓಡುತ್ತ ಶಾಲೆಗೆ ಬಂದೆವು. ಖಾಲಿ ಶಾಲೆಯ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ತಲೆ ಬೋಳಿಸಿದ್ದರು, ಕೆನ್ನೆ ಇಳಿದಿತ್ತು, ಜೈಲಿನಲ್ಲಿ ನಾರು ಬಡಿದು ಅಂಗೈ ಮರದ ಹಾಗಾಗಿತ್ತು. ಕಾಲಿಗೆ ಬಿದ್ದೆ. ಅವರು ಎಬ್ಬಿಸಿ,

"ನೀವು ಯಾರೂ ಬರದಿದ್ದದ್ದ ಛಲೋ ಆತು ಮಾಸ್ತರ. ನನಗೇನೂ ಬ್ಯಾಸರ ಇಲ್ಲ. ನಾನಾಗಿದ್ರೂ ಬರತಿದ್ದಿಲ್ಲ" ಅಂದರು.

"ಅಂದ್ರ?"

"ಸಹಿ ಮಾಡಿದ್ದು ನಿಮಗೆಲ್ಲಾ ಗೊತ್ತಾಗೇದ ಅಂತ ತಿಳಕೊಂಡೆ."

ಯಾವ ಸಹಿ? ಒಂದೊಂದೇ ಹೇಳಿದರು. ಇನ್ನು ರಾಜಕಾರಣ ಇಲ್ಲ, ಪತ್ರಿಕೆ ಇಲ್ಲ. ತಾವು ಮುಖ್ಯಾಧ್ಯಾಪಕರಾಗಿರುವ ಶಾಲೆ ಸರ್ಕಾರದ ವೇಳೆಗೇ ನಡೆಯಬೇಕು. ಹಾಗೆಂದು ಬರೆದುಕೊಟ್ಟು ಹೊರಗೆ ಬಂದಿದ್ದಾರೆ. ಮುಳ್ಳು ಸರಿಸಿದ ದಿನ ಶಾಲೆಗೆ ಮನ್ನಣೆ ತಿರುಗಿ ಸಿಗುತ್ತದೆ.

"ಯಾಕ್ರೀ ದಾಜೀಸಾಹೇಬ್ರ? ಯಾಕ ಮಾಡಿದ್ರಿ?"

"ನೀವ ಬರದಿದ್ರೆಲ್ಲ, ಈ ಗಡಿಯಾರ ಉಳಿದ್ರ ಶಾಲಿ ಸಾಯ್ತದ ಅಂತ. ಒಂಬತ್ತು ತಿಂಗಳು ನಾರು ಬಡಕೋತ ಅದ ಮಾತು ಮೆಲಕು ಹಾಕಿದೆ. ನನಗ ಶಾಲಿ ಬೇಕಾಗಿತ್ತು ಮಾಸ್ತರ."

ನಾವು ಬೇಕೆಂದು ಬರದೆ ಇದ್ದವರಲ್ಲ, ವೇಳೆ ತಪ್ಪಿ ಬಂದವರು ಎಂದು ಶಾಸ್ತ್ರಿಗಳೇ ಹೇಳಿದರು. ದಾಜೀಸಾಹೇಬರು ಮೊದಲು ನಕ್ಕರು. ಆಮೇಲೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಹುಡುಗರು ಹಾರ ಹಾಕಿದರು. ನಾನು ಹಾಕಲಿಲ್ಲ.

ಬುಧವಾರ, 22 ಜೂನ್

ಅನ್ನ ಸೇರುವುದಿಲ್ಲ. ಕೋಟೆಯ ಬುಡದವರೆಗೆ ಎರಡು ಸಲ ನಡೆದು ಬಂದೆ. ಅವರ ಮೇಲೆ ಸಿಟ್ಟು. ಆ ಕಾಗದ ಬರೆದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ನಾನು ಬರೆಯದಿದ್ದರೆ ಅವರು ಬಗ್ಗುತ್ತಿರಲಿಲ್ಲ. ಅವರು ಬಗ್ಗಲೆಂದೇ ಬರೆದಿದ್ದೆ. ಈಗ ಬಗ್ಗಿದ್ದಾರೆ, ನೋಡಲಾಗುವುದಿಲ್ಲ.

ಮಥುರೆ ಮೆತ್ಕೂಟದ ಪುಡಿ ಕಲಸಿದ ಮೆತ್ತನೆ ಅನ್ನ ಮುಂದಿಟ್ಟು ಕೇಳಿದಳು:

"ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಇಷ್ಟು ದಿನ ಹಟ ಹಿಡಿದದ್ದು ಅವರ ಸಲುವಾಗಿನೋ, ಗಡಿಯಾರದ ಸಲುವಾಗಿನೋ?"

"ಅವರ ಸಲುವಾಗಿ. ಮತ್ಯಾರ ಸಲುವಾಗಿ?"

"ಹಂಗಿದ್ರ ಅವರ ಕೈಗೆ ಕೊಟ್ಟುಬಿಡ್ರಿ, ಮುಗೀತು."

ಮುಗಿಯಿತು ಹೌದು. ಆದರೆ ಕೊಡಲು ಮನಸ್ಸು ಯಾಕೆ ಬರುತ್ತಿಲ್ಲ?

ಸೋಮವಾರ, 27 ಜೂನ್

ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿಬಂದು ಏಣಿ ಇಟ್ಟೆ. ದಾಜೀಸಾಹೇಬರು ಬಂದು ಏಣಿಯ ಬುಡದಲ್ಲಿ ನಿಂತು ಕೈ ಚಾಚಿದರು.

"ಕೀಲಿಕೈ ಕೊಡ್ರಿ ಮಾಸ್ತರ."

ಕೊಡಲಿಲ್ಲ.

"ಸಹಿ ಮಾಡೀನಿ. ಮಾತು ಕೊಟ್ಟ ಮ್ಯಾಲೆ ನಡೀಬೇಕು."

"ಮಾತು ಕೊಟ್ಟವರು ನೀವು. ಈ ಮೂವತ್ತೊಂಬತ್ತು ಮಂದಿ ಕೊಟ್ಟಿಲ್ಲ. ಊರು ನಕ್ರೂ ಪರೀಕ್ಷಾ ಹ್ವಾದ್ರೂ ಬಿಟ್ಟು ಹೋಗ್ಲಿಲ್ಲ ಅವರು. ಇವತ್ತು ಮುಳ್ಳು ಸರಿಸಿದ್ರ ಅವರ ಮುಂದ ಯಾವ ಮಾರಿ ಇಟ್ಕೊಂಡು ನಿಂದರ್ಲಿ?"

"ಮಾಸ್ತರ, ಶಾಲಿ ನಂದು."

"ನಿಮ್ಮದಿತ್ತು" ಅಂದೆ.

ಬಾಯಿಂದ ಬಿದ್ದುಹೋಯಿತು. ಹದಿನಾಲ್ಕು ವರ್ಷ ಅವರ ಎದುರು ತುಟಿ ಎರಡು ಮಾಡಿದವನಲ್ಲ ನಾನು.

"ಆ ಕಾಗದ ಬರದ ಉಕಿಡವೆ ಮಾಸ್ತರ ಎಲ್ಲೆ ಹ್ವಾದ್ರು?" ಎಂದು ಕೇಳಿದರು.

ಇದೆಂಥ ಪ್ರಶ್ನೆಯೋ. ಎದುರಿಗೇ ನಿಂತಿದ್ದೇನೆ. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿ ಹೊರಟುಹೋದರು. ಏಣಿ ಹತ್ತಿ ಕೀಲಿ ಕೊಟ್ಟೆ. ಮುಳ್ಳು ಮುಟ್ಟಲಿಲ್ಲ. ದೇವರ ಹತ್ತಿರ ಕ್ಷಮೆ ಕೇಳಿದೆ, ಅವರ ಹತ್ತಿರ ಕೇಳಲು ಹೋಗಲಿಲ್ಲ.

ಮಂಗಳವಾರ, 28 ಜೂನ್

ಶಾಲೆಗೆ ಹೋಗುವ ಮೊದಲೇ ಅವರ ರಾಜೀನಾಮೆ ಮನೆಗೆ ಬಂತು. ಮುಖ್ಯಾಧ್ಯಾಪಕ ಪದವಿಯನ್ನು ಇಂದಿನಿಂದ ತ್ರ್ಯಂಬಕ ನಾರಾಯಣ ಉಕಿಡವೆ ಅವರಿಗೆ ಒಪ್ಪಿಸಿದ್ದೇನೆ ಎಂದು ಎರಡು ಸಾಲು. ಮಥುರೆ ಓದಿ ಸೆರಗು ಬಾಯಿಗಿಟ್ಟುಕೊಂಡಳು. ಅವರನ್ನು ಶಾಲೆಯಿಂದ ಹೊರಗೆ ಹಾಕಿದವನು ನಾನು, ಸರ್ಕಾರ ಅಲ್ಲ ಎಂದುಕೊಳ್ಳುತ್ತ ನಡೆದೆ.

ಇವತ್ತು ಬೇರೆ ದಾರಿಯಿರಲಿಲ್ಲ. ಆ ಕೋಣೆಗೆ ಹೋಗಿ ಆ ಕುರ್ಚಿಯ ಮೇಲೆ ಕೂತೆ. ಹನ್ನೊಂದರ ಗಂಟೆ ಆಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ದಾಜೀಸಾಹೇಬರು. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತಿದ್ದರು. ನಾನು ಏಳಲು ಹೋದೆ. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದರು.

"ನಾನು ಮುಖ್ಯಾಧ್ಯಾಪಕ ಆಗಿರೋ ಶಾಲಿ ಸರ್ಕಾರದ ವೇಳೆಗೆ ನಡೀತದ ಅಂತ ಬರಕೊಟ್ಟಿದ್ದೆ. ಆ ಕೆಲಸ ಬಿಟ್ಟೆ. ಕೊಟ್ಟ ಮಾತೂ ತಪ್ಪಿಲ್ಲ. ಈಗ ಒಬ್ಬ ಹಳೇ ಮಾಸ್ತರ ಕೆಲಸ ಕೇಳಿಕೊಂಡು ಬಂದಾನ."

"ಗುಪ್ತೆ ಸುಮ್ಮನ ಬಿಡ್ತಾನೇನ್ರಿ? ಮತ್ತ ಹಿಡಕೊಂಡು ಹೋಗ್ತಾರ."

"ಹೋಗ್ಲಿ ಬಿಡ್ರಿ. ಆ ಜಾಗದ ಪರಿಚಯ ಅದ ನನಗ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಎಷ್ಟನೇ ಇಯತ್ತೆ ಕೊಡ್ತೀರಿ?"

"ನಾಲ್ಕನೇ ಇಯತ್ತೆ. ವ್ಯಾಕರಣ." ಗಡಿಯಾರದ ಕಡೆ ನೋಡಿದೆ. "ಗಂಟಿ ಆಗಿ ಆರು ನಿಮಿಷ ಆತು. ನಾಳೆಯಿಂದ ತಡಾ ಮಾಡಬ್ಯಾಡ್ರಿ."

"ಇಲ್ಲ, ಮಾಡಂಗಿಲ್ಲ" ಅಂದರು. ಹೋದರು.

ಪಡಸಾಲೆಯಾಚೆ ನಾಲ್ಕನೇ ಇಯತ್ತೆಯ ಹುಡುಗರು ಎದ್ದು ನಿಂತ ಸಪ್ಪಳ ಕೇಳಿಸಿತು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಏಳನೇ ಇಯತ್ತೆಗೆ ಹೋದೆ.